ಎಡಗಾಲಿನ ಶೆಡ್ಡು

ಆ ಊರಲ್ಲಿ ಒಂದು ಜೊತೆ ಬೂಟು ತಯಾರಾಗಬೇಕಾದರೆ ಎರಡು ಶೆಡ್ಡು ಬೇಕಿತ್ತು. ಊರಿನ ಈಚೆ ತುದಿಯ ಶೆಡ್ಡಿನಲ್ಲಿ ಎಡಗಾಲಿನದು ಮಾತ್ರ. ಸೇತುವೆ ದಾಟಿ ಆಚೆ ಹೋದರೆ ಅಲ್ಲಿನ ಶೆಡ್ಡಿನಲ್ಲಿ ಬಲಗಾಲಿನದು ಮಾತ್ರ. ಎರಡೂ ಸೇರಿ ಜೊತೆಯಾಗುತ್ತಿದ್ದದ್ದು ಮೂರನೇ ಕಡೆ, ಬಂದರಿನ ಹತ್ತಿರದ ಗೋಡೌನಿನಲ್ಲಿ, ಮಾಲೀಕನ ಭಾವಮೈದುನನ ಕಣ್ಣೆದುರಿಗೆ. ಯಾಕಪ್ಪಾ ಇಷ್ಟೆಲ್ಲ ಸರ್ಕಸ್ಸು ಅಂದರೆ, ಕಳ್ಳತನ ಆಗಬಾರದು ಅಂತ. ಒಂಟಿ ಬೂಟು ಕದ್ದು ಯಾರು ಏನು ಮಾಡಿಯಾರು? ಈ ಉಪಾಯ ಹೊಳೆದ ದಿನ ಮಾಲೀಕ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿರಬೇಕು. ಗೇಟಿನಲ್ಲಿ ಚೀಲ ತಡಕೋಕೆ ಇಟ್ಟಿದ್ದ ಕಾವಲುಗಾರನ ಸಂಬಳವೂ ಉಳಿಯಿತು ನೋಡಿ.

ಇಷ್ಟಕ್ಕೇ ಬಿಟ್ಟನಾ ಪುಣ್ಯಾತ್ಮ? ಎರಡು ಶೆಡ್ಡಿನ ಮಧ್ಯೆ ಪೈಪೋಟಿ ಹಚ್ಚಿದ. ಯಾವ ಕಡೆಯಿಂದ ಕೆಟ್ಟ ಮಾಲು ಕಡಿಮೆ ಬರುತ್ತೋ ಅವರಿಗೆ ವರ್ಷದ ಕೊನೆಗೆ ಬೋನಸ್ಸು. ಎಡಗಾಲಿನ ಬಣ್ಣಕ್ಕೂ ಬಲಗಾಲಿನ ಬಣ್ಣಕ್ಕೂ ಕೂದಲೆಳೆ ವ್ಯತ್ಯಾಸ ಕಂಡರೆ ಜೊತೆಗೆ ಜೊತೆಯೇ ಗೋಡೌನಿನಲ್ಲೇ ಕೆಟ್ಟ ಮಾಲಿನ ಲೆಕ್ಕಕ್ಕೆ. ತಪ್ಪು ಯಾರದು? ಎಡದವರನ್ನು ಕೇಳಿದರೆ ಬಲದವರದು, ಬಲದವರನ್ನು ಕೇಳಿದರೆ ಎಡದವರದು. ಹೀಗೆ ವರ್ಷಗಟ್ಟಲೆ ಕಚ್ಚಾಡಿ ಕಚ್ಚಾಡಿ, ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿರದ ಆ ಎರಡು ಗುಂಪಿನವರು ಹುಟ್ಟಾ ಶತ್ರುಗಳ ಹಾಗೆ ಆಗಿಹೋಗಿದ್ದರು. ಸಂಬಳ ಯಾಕೆ ಏರುತ್ತಿಲ್ಲ ಅಂತ ಮಾಲೀಕನನ್ನು ಕೇಳೋಕೆ ಯಾರಿಗೂ ಪುರುಸೊತ್ತೇ ಇರಲಿಲ್ಲ.

ಎಡಗಾಲಿನ ಶೆಡ್ಡಿನ ಮೇಸ್ತ್ರಿಗಂತೂ ಬಲದವರ ಹೆಸರೆತ್ತಿದರೆ ಮೈಯೆಲ್ಲ ಉರಿ. ಹೊಲಿದ ಚರ್ಮವನ್ನು ಕಾಲಿನ ಅಚ್ಚಿಗೆ ತೊಡಿಸಿ, ಇಕ್ಕಳದಲ್ಲಿ ಎಳೆದೆಳೆದು ಅಟ್ಟೆಗೆ ಅಂಟಿಸುವ ಕೆಲಸ ಅವನದು. ಅವನ ಹೆಬ್ಬೆರಳ ಉಗುರು ಯಾವಾಗಲೂ ಕಪ್ಪಗೆ, ಅಂಟಿನ ವಾಸನೆ ಸೋಪು ಹಚ್ಚಿ ತಿಕ್ಕಿದರೂ ಹೋಗದು. ಹೋದ ವರ್ಷ ಮಗಳು ಹುಟ್ಟುವ ಹೊತ್ತಿಗೆ ಬೋನಸ್ಸು ಬಂದೇ ಬರುತ್ತೆ ಅಂತ ನಂಬಿ ಹೆಂಡತಿಗೆ ಫ್ಯಾನು ತರುತ್ತೇನೆ ಅಂದಿದ್ದ. ಬೋನಸ್ಸು ಬಲದವರ ಪಾಲಾಯಿತು ಅಂತ ಮ್ಯಾನೇಜರ್ ಹೇಳಿದ. ಬಾಣಂತಿ ಆ ಬೇಸಿಗೆಯನ್ನು ರಟ್ಟಿನ ತುಂಡು ಬೀಸಿಕೊಂಡೇ ಕಳೆದಳು. ಆ ಸಿಟ್ಟು ಅವನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಹೀಗಿರುವಾಗ ಒಂದು ದಿನ ಊಟದ ಬಿಡುವಿನಲ್ಲಿ ರೇಡಿಯೊ ಸುದ್ದಿ ತಂದ. ರೇಡಿಯೊ ಅಂದರೆ ಯಂತ್ರ ಅಲ್ಲ, ಬೂಟಿಗೆ ಲೇಸು ಪೋಣಿಸುವವನು. ಬಾಯಿಗೆ ಬಿಡುವೇ ಇಲ್ಲದ್ದಕ್ಕೆ ಆ ಹೆಸರು ಬಿದ್ದಿತ್ತು.

"ಸಮುದ್ರದಾಚೆ ಒಂದು ಭಾರಿ ಬ್ಯಾಂಕು ಮುಳುಗಿಹೋಯ್ತಂತೆ ಕಣ್ರೋ! ಕೋಟು ಹಾಕಿದೋರೆಲ್ಲ ರಟ್ಟಿನ ಪೆಟ್ಟಿಗೆ ತಬ್ಬಿಕೊಂಡು ಆಫೀಸಿಂದ ಹೊರಗೆ ಬರ್ತಿದಾರೆ, ಟೀವೀಲಿ ತೋರಿಸ್ತಿದಾರೆ."

"ಮುಳುಗಲಿ ಬಿಡೋ, ನಿನ್ನ ದುಡ್ಡೇನಾದ್ರೂ ಇತ್ತಾ ಅದರಲ್ಲಿ?" ಅಂದ ಮೇಸ್ತ್ರಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಕ್ಕಿದ್ದೇ ಬಂತು. ಆ ಬ್ಯಾಂಕಿನ ಜೊತೆ ಅಲ್ಲಿನ ಅಂಗಡಿಗಳೂ ಬಾಗಿಲು ಹಾಕಿಕೊಂಡವು. ಇವರ ಬೂಟು ಮಾರುತ್ತಿದ್ದದ್ದು ಅದೇ ಅಂಗಡಿಗಳಲ್ಲಿ. ಇನ್ನು ಬೇಡ, ಕಳಿಸಬೇಡಿ ಅಂತ ಅಲ್ಲಿಂದ ಒಂದು ಸಾಲಿನ ಸಂದೇಶ ಬಂತಂತೆ. ಇಲ್ಲಿನ ಹಣದ ಬೆಲೆ ದಿನದಿಂದ ದಿನಕ್ಕೆ ಕುಸಿಯಿತು. ಹೊರಗಿಂದ ಬರುವ ಬಣ್ಣ, ಅಂಟು, ಔಷಧ, ಸೀಮೆಎಣ್ಣೆ ಎಲ್ಲಕ್ಕೂ ಬೆಂಕಿ ಬಿತ್ತು. ಮೂಲೆ ಅಂಗಡಿಯವನು ಬಾಗಿಲ ಹಲಗೆಯ ಮೇಲೆ ದರ ಬರೆಯೋದನ್ನೇ ಬಿಟ್ಟುಬಿಟ್ಟ. ಯಾಕಯ್ಯಾ ಅಂದರೆ, "ಬೆಳಿಗ್ಗೆ ಬರೆದಿದ್ದನ್ನ ಮಧ್ಯಾಹ್ನ ಅಳಿಸಬೇಕು, ಸೀಮೆಸುಣ್ಣಾನೂ ದುಬಾರಿ" ಅಂದ. ಮೇಸ್ತ್ರಿಯ ಹೆಂಡತಿ ಸೋಪನ್ನು ದಾರದಲ್ಲಿ ಕೊಯ್ದು ಅರ್ಧರ್ಧ ಮಾಡಿಟ್ಟಳು, ಆಮೇಲೆ ಅರ್ಧವನ್ನೂ ಅರ್ಧ ಮಾಡಿದಳು. ಬ್ಯಾಂಕಿನ ದುಡ್ಡಲ್ಲಿ ಜೂಜಾಡಿದವರು ಯಾರೋ, ಎಲ್ಲೋ. ಅವರ ಮುಖ ಕೂಡ ಇವರು ಕಂಡವರಲ್ಲ. ಸೋತದ್ದು ಮಾತ್ರ ಈ ಮನೆ. ಇದಕ್ಕೆ ಏನನ್ನಬೇಕೋ ನನಗಂತೂ ಗೊತ್ತಿಲ್ಲ.

ಸಂಬಳ ಮೊದಲು ತಡವಾಯಿತು, ಆಮೇಲೆ ಅರ್ಧವಾಯಿತು, ಆಮೇಲೆ ನಿಂತೇಹೋಯಿತು. ಕೊನೆಗೊಂದು ಬೆಳಿಗ್ಗೆ ಶೆಡ್ಡಿನ ಕರೆಂಟೂ ಇಲ್ಲ. ಕೆಲಸದವರು ಗೇಟಿನ ಮುಂದೆ ಕೂತರು. ಮಾಲೀಕ ಹೊರದೇಶಕ್ಕೆ ಹೋಗಿದ್ದಾನೆ ಅಂತ ಒಬ್ಬ, ಆಸ್ಪತ್ರೆಯಲ್ಲಿದ್ದಾನೆ ಅಂತ ಇನ್ನೊಬ್ಬ. ಹೊತ್ತು ಏರಿದ ಮೇಲೆ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಾ ಬಂದ.

"ನೋಡಿ, ಕಾಸಂತೂ ಇಲ್ಲ. ಒಳಗೆ ರಾಶಿ ಮಾಲಿದೆ. ಸಂಬಳದ ಬದಲು ಅದನ್ನೇ ತಗೊಂಡು ಹೋಗಿ. ಬಾಕಿ ತೀರಿತು ಅಂತ ಒಂದು ಸಹಿ ಹಾಕಿಬಿಡಿ."

"ಬರೀ ಎಡಗಾಲು ತಗೊಂಡು ನೆಕ್ಕಬೇಕಾ ಸಾರ್?" ರೇಡಿಯೊ ಕೇಳಿಯೇಬಿಟ್ಟ. "ಊರಿಗೆಲ್ಲ ಒಂಟಿ ಕಾಲಿನ ಗಿರಾಕಿ ಅಂದ್ರೆ ಬಸ್ ಸ್ಟ್ಯಾಂಡ್ ಮುಂದೆ ಕೂರೋ ಆ ತಾತ ಒಬ್ಬ. ಅವನಿಗೂ ಇರೋದು ಬಲಗಾಲು!"

"ಬಲಗಾಲಿನದು ಆಚೆ ಶೆಡ್ಡಿನವರಿಗೆ ಕೊಡ್ತಿದೀವಿ. ನೀವು ನೀವು ಕೂತು ಮಾತಾಡ್ಕೊಳ್ಳಿ" ಅಂದ ಮ್ಯಾನೇಜರ್. ಅಂದವನೇ ಕಾರು ಹತ್ತಿದ.

ಎಲ್ಲರ ಪರವಾಗಿ ಸಹಿ ಹಾಕಿದವನು ಮೇಸ್ತ್ರಿ. ಬೂಟೇನೋ ಬಂಗಾರದಂಥದ್ದು, ಈ ಊರಿನವರು ಅಂಥದ್ದನ್ನು ಹಾಕಿಕೊಂಡು ಹುಟ್ಟಿದವರಲ್ಲ. ಜೊತೆಯಾದರೆ ವಾರದ ಸಂತೆಯಲ್ಲಿ ನಾ ಮುಂದು ತಾ ಮುಂದು ಅಂತ ಕೊಳ್ಳುತ್ತಾರೆ. ಕೈಗಾಡಿಯಲ್ಲಿ ಹೇರಿಕೊಂಡು ತಂದು ಎಲ್ಲರ ಪಾಲನ್ನೂ ಅವನ ಮನೆಯಲ್ಲೇ ಇಟ್ಟರು. ಮಂಚದ ಕೆಳಗೆ, ಅಡುಗೆ ಕಟ್ಟೆಯ ಕೆಳಗೆ, ನೀರಿನ ಡ್ರಮ್ಮಿನ ಹಿಂದೆ, ಎಲ್ಲಿ ನೋಡಿದರೂ ಎಡಗಾಲು. ಇನ್ನೂ ನಡೆಯದ ಮಗಳು ಪುಟ್ಟಿ ಅಂಬೆಗಾಲಿಟ್ಟು ಹೋಗಿ ಲೇಸು ಎಳೆದು ಬಾಯಿಗಿಟ್ಟುಕೊಳ್ಳುತ್ತಿದ್ದಳು. ಮೇಸ್ತ್ರಿಯ ತಾಯಿ, ಮುದುಕಿ, ಮೂಗು ಮುಚ್ಚಿಕೊಂಡು, "ಮನೆಯೋ ಚಮ್ಮಾರಿಕೆ ಅಂಗಡಿಯೋ" ಅಂತ ಗೊಣಗುತ್ತಿದ್ದಳು.

ಆದರೆ ಆ ಮನೆಯಲ್ಲಿ ಇನ್ನೊಂದು ಮಾತು ನಡೆಯುತ್ತಿತ್ತು, ಅದು ಬೂಟಿಗಿಂತ ದೊಡ್ಡದು. ಹೊರದೇಶದ ಮನೆಗಳಿಗೆ ಕೆಲಸಕ್ಕೆ ಹೆಂಗಸರನ್ನು ಕಳಿಸುವ ಏಜೆಂಟಮ್ಮ ಓಣಿಗೆ ಬಂದುಹೋಗಿದ್ದಳು. ಗಂಡಸರಿಗೆ ಎಲ್ಲೂ ಕೆಲಸವಿಲ್ಲ, ಹೆಂಗಸರಿಗೆ ಇದೆ ಅಂದಿದ್ದಳು. ಮೂರು ವರ್ಷದ ಕರಾರು, ನಡುವೆ ಬರೋ ಹಾಗಿಲ್ಲ. ಮೇಸ್ತ್ರಿಯ ಹೆಂಡತಿ ಹೆಸರು ಕೊಟ್ಟುಬಿಟ್ಟಿದ್ದಳು. ಸಂತೆಯ ಮಾರನೇ ದಿನ ಬಸ್ಸು.

"ಹಾಲು ಕುಡಿಯೋ ಕೂಸನ್ನ ಬಿಟ್ಟು ಹೋಗ್ತೀಯೇನೇ? ತಲೆ ಕೆಟ್ಟಿದೆಯಾ ನಿಂಗೆ?" ಅಂತ ಅವನು ಕೂಗಾಡಿದ.

"ಹೋಗೋಕೆ ನಂಗೇನು ಆಸೆನಾ?" ಅವಳು ಪಾತ್ರೆ ತಿಕ್ಕುತ್ತಲೇ ಹೇಳಿದಳು. "ಬೂಟು ಮಾರಿದ್ರೆ ಹೋಗಲ್ಲ. ಆ ಕಾಸಲ್ಲಿ ಏನಾದ್ರೂ ಸಣ್ಣ ವ್ಯಾಪಾರ ಹಚ್ಚೋಣ, ಹೇಗೋ ದೂಡೋಣ. ಮಾರಲಿಲ್ಲ ಅಂದ್ರೆ ಹೋಗ್ತೀನಿ. ಇಬ್ಬರೂ ಮನೇಲಿ ಕೂತ್ಕೊಂಡ್ರೆ ಪುಟ್ಟಿ ಏನು ಗಾಳಿ ಕುಡಿದು ಬದುಕ್ತಾಳಾ? ನನಗೆ ಹೊಟ್ಟೆಗಿಲ್ಲ ಅಂದ್ರೆ ಅವಳಿಗೆ ಹಾಲು ಎಲ್ಲಿಂದ ಬರುತ್ತೆ ಹೇಳಿ."

ಎಲ್ಲ ಆ ಬೂಟಿನ ಮೇಲೆ ನಿಂತಿತು.

ಒಂದು ಮಧ್ಯಾಹ್ನ ಬಲಗಾಲಿನ ಶೆಡ್ಡಿನ ಹೆಂಗಸೊಬ್ಬಳು ಸೇತುವೆ ದಾಟಿ ನಡೆದುಕೊಂಡೇ ಬಂದಳು. ಅಲ್ಲಿ ಅವಳದೂ ಅಚ್ಚಿನದೇ ಕೆಲಸ, ಅಲ್ಲಿನವರೆಲ್ಲ ಅವಳ ಮಾತು ಕೇಳುತ್ತಾರಂತೆ. ವಯಸ್ಸಾದವಳು, ದಪ್ಪ ಗಾಜಿನ ಕನ್ನಡಕ, ಅದರ ಒಂದು ಕಡ್ಡಿಗೆ ಬೂಟಿನ ದಾರ ಸುತ್ತಿತ್ತು. ಸುದ್ದಿ ಕೇಳಿ ರೇಡಿಯೊ ಮತ್ತೆ ನಾಲ್ಕಾರು ಜನ ಬಾಗಿಲಿಗೆ ಬಂದು ನಿಂತರು. ಮೇಸ್ತ್ರಿ ಕೂತ್ಕೋ ಅನ್ನಲಿಲ್ಲ. ಅವನ ಹೆಂಡತಿಯೇ ನೀರು ತಂದುಕೊಟ್ಟು, "ಕೂತ್ಕೊಳ್ಳಿ ಅಕ್ಕಾ" ಅಂದಳು.

ಕನ್ನಡಕದಕ್ಕ ನೀರು ಕುಡಿದು, ಚೀಲದಿಂದ ಒಂದು ಬಲಗಾಲಿನ ಬೂಟು ತೆಗೆದು ನೆಲದ ಮೇಲಿಟ್ಟಳು. "ನಿಮ್ಮದೊಂದು ಕೊಡು ತಮ್ಮಾ" ಅಂದಳು. ಮೇಸ್ತ್ರಿ ಅಳತೆ ನೋಡಿ ಒಂದನ್ನು ಕೊಟ್ಟ. ಅವಳು ಅದನ್ನು ಇದರ ಪಕ್ಕ ಇಟ್ಟಳು.

ಇಷ್ಟು ವರ್ಷ ಬೂಟು ಮಾಡಿದವನು ಒಂದು ಜೊತೆ ಬೂಟನ್ನು ನೋಡಿದ್ದು ಅದೇ ಮೊದಲು. ಕನ್ನಡಕದಕ್ಕನೂ ಅಷ್ಟೇ. ಮೂತಿಗೆ ಮೂತಿ, ಹೊಲಿಗೆಗೆ ಹೊಲಿಗೆ ಕೂಡಿ ನಿಂತಿದ್ದವು. ಬಣ್ಣದಲ್ಲಿ ಒಂದಿನಿತು ಹೆಚ್ಚುಕಡಿಮೆ ಇಲ್ಲ. ಅವಳ ಕೈಕೆಲಸ ತನ್ನದಕ್ಕೆ ಯಾವುದರಲ್ಲೂ ಕಡಿಮೆಯಿಲ್ಲ ಅಂತ ಅವನಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಅಯ್ಯೋ, ಎಷ್ಟು ಚೆನ್ನಾಗಿದೆ ಅಂತ ಹೆಂಡತಿ ಬಾಯಿಬಿಟ್ಟೇ ಅಂದಳು. ಅವನ ಎದೆಯಲ್ಲೂ ಏನೋ ಸಡಿಲವಾಯಿತು. ಅದೇ ಮನಸ್ಸಿನಲ್ಲಿ ಅವಳು ಮುಂದೆ ಹೇಳಿದ್ದನ್ನು ಒಪ್ಪಿಕೊಂಡುಬಿಟ್ಟಿದ್ದರೆ ಈ ಕಥೆಯನ್ನು ನಾನು ಹೇಳಬೇಕಾಗಿರಲಿಲ್ಲ.

"ಸೇತುವೆ ಮೇಲೆ ಸೇರೋಣ" ಅಂದಳು ಕನ್ನಡಕದಕ್ಕ. "ನೀವು ನಿಮ್ಮ ಕಡೆಯಿಂದ ತನ್ನಿ, ನಾವು ನಮ್ಮ ಕಡೆಯಿಂದ ತರ್ತೀವಿ. ಎಲ್ಲರ ಕಣ್ಣೆದುರಿಗೇ ಜೋಡಿಸೋಣ. ಸಂತೆಗೆ ಒಟ್ಟಿಗೇ ಹೋಗಿ ಮಾರೋಣ. ಬಂದಿದ್ದರಲ್ಲಿ ಅರ್ಧ ನಿಮಗೆ, ಅರ್ಧ ನಮಗೆ."

"ಅರ್ಧರ್ಧನಾ?" ಬಾಗಿಲಿಂದ ರೇಡಿಯೊ ಕೊಕ್ಕೆ ಹಾಕಿದ. "ಹೋದ ವರ್ಷದ ಬೋನಸ್ಸು ನುಂಗಿ ನೀರು ಕುಡಿದಿರಲ್ಲ, ಅದರಲ್ಲಿ ಅರ್ಧ ಕೊಟ್ರಾ?"

ಮೇಸ್ತ್ರಿಗೆ ರಟ್ಟಿನ ತುಂಡು ಬೀಸಿಕೊಳ್ಳುತ್ತಿದ್ದ ಬಾಣಂತಿ ನೆನಪಾದಳು. "ಹೌದಲ್ಲ" ಅಂದ. "ಅದಕ್ಕೆ ಲೆಕ್ಕ ಆಗಬೇಕಲ್ಲ. ನಮಗೆ ಎರಡು ಪಾಲು, ನಿಮಗೆ ಒಂದು."

ಕನ್ನಡಕದಕ್ಕ ಅವನ ಮುಖವನ್ನೇ ನೋಡಿದಳು. "ಯಾವ ಬೋನಸ್ಸು ತಮ್ಮಾ? ಅದು ಬಂದಿದ್ದು ನಿಮಗಲ್ವಾ? ನಮಗೆ ಮ್ಯಾನೇಜರ್ ಹೇಳಿದ್ದು ಹಾಗೇ. ಪ್ರತಿ ವರ್ಷಾನೂ ಹಾಗೇ ಹೇಳಿದಾನೆ."

ಮೇಸ್ತ್ರಿಯ ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಗಂಡನ ಕಡೆ ತಿರುಗಿದಳು. ಇಲ್ಲಿಗಾದರೂ ಅವನ ತಲೆಗೆ ಬೆಳಕು ಬೀಳಬಾರದಾ? ಇಷ್ಟು ವರ್ಷ ಹೊಟ್ಟೆಯಲ್ಲಿ ಸಾಕಿಕೊಂಡು ಬಂದ ಸಿಟ್ಟು ಸುಳ್ಳಿನ ಮೇಲೆ ನಿಂತಿತ್ತು ಅಂತ ಒಪ್ಪಿಕೊಳ್ಳೋದು ಸುಲಭ ಅಲ್ಲ ಅನ್ನಿ. ಆ ಸಿಟ್ಟು ತೆಗೆದುಬಿಟ್ಟರೆ ಅವನ ಹತ್ತಿರ ಉಳಿಯೋದೇನು?

"ಸುಳ್ಳು!" ಅಂದ. "ನಮ್ಮ ಕಿವಿಗೆ ಹೂ ಇಡೋಕೆ ಬಂದಿದೀಯಾ? ಎರಡು ಪಾಲು ಅಂದ್ರೆ ಎರಡು ಪಾಲೇ. ನಮ್ಮ ಎಡಗಾಲು ಇಲ್ಲದೆ ನಿಮ್ಮ ಬಲಗಾಲು ಇಟ್ಕೊಂಡು ಏನು ಮಾಡ್ತೀರಾ, ನಾನೂ ನೋಡ್ತೀನಿ."

"ಅದೇ ಮಾತು ನಾನೂ ಕೇಳಬಹುದು. ಕೇಳೋಕೆ ಬಂದಿಲ್ಲ." ಅವಳು ಬೂಟನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡಳು. "ನಮ್ಮಲ್ಲಿ ಜನ ಕಂಗಾಲಾಗಿದಾರೆ ತಮ್ಮಾ. ಒಲೆ ಹಚ್ಚದ ಮನೆಗಳಿವೆ. ಇಟ್ಟಿಗೆ ಭಟ್ಟಿಯವನು ಸೌದೆ ಕಲ್ಲಿದ್ದಲು ಕೊಳ್ಳೋಕಾಗದೆ ಏನು ಸಿಕ್ಕಿದ್ರೂ ಉರಿಸ್ತಿದಾನೆ. ಬೂಟಿಗೂ ಕಣ್ಣು ಹಾಕಿದಾನೆ. ನಾನು ಕೈ ಕಾಲು ಹಿಡಿದು ತಡೆದಿದೀನಿ. ಎಷ್ಟು ದಿನ ತಡೀತೀನೋ ಗೊತ್ತಿಲ್ಲ. ಯೋಚನೆ ಮಾಡು."

ಅವಳು ಓಣಿ ತಿರುಗುವ ಮೊದಲೇ ರೇಡಿಯೊ ಮೇಸ್ತ್ರಿಯ ಬೆನ್ನು ತಟ್ಟಿದ. "ಸರಿಯಾಗಿ ಕೊಟ್ಟೆ ನೋಡು! ನಾಳೆ ಬಾಲ ಮುದುರ್ಕೊಂಡು ಬರ್ತಾಳೆ." ಉಳಿದವರೂ ಹೌದು ಹೌದು ಅಂದರು. ಹೊಟ್ಟೆ ಖಾಲಿ ಇದ್ದವರಿಗೆ ಆ ಹೊತ್ತು ಗೆದ್ದ ಹಾಗೆ ಅನ್ನಿಸಿತು, ಪಾಪ. ಮೇಸ್ತ್ರಿಯೂ ಮೀಸೆ ಮೇಲೆ ಕೈಯಾಡಿಸಿದ.

"ಆ ಅಕ್ಕ ಸುಳ್ಳು ಹೇಳೋಳ ಹಾಗೆ ಕಾಣಲಿಲ್ಲ ರೀ" ಅಂದಳು ಹೆಂಡತಿ, ಎಲ್ಲರೂ ಹೋದ ಮೇಲೆ.

"ನಿಂಗೇನೂ ಗೊತ್ತಾಗಲ್ಲ, ಸುಮ್ನಿರು. ಬೂಟು ಸುಡ್ತಾರಂತೆ ಬೂಟು! ಯಾರಾದ್ರೂ ಸುಡ್ತಾರಾ? ಹೆದರಿಸೋಕೆ ಹೇಳೋ ಮಾತು ಅದು. ಅವಳೇ ಬರ್ತಾಳೆ ನೋಡು."

ಅವಳು ಬರಲಿಲ್ಲ. ಮಾರನೇ ದಿನವೂ ಇಲ್ಲ, ಅದರ ಮಾರನೇ ದಿನವೂ ಇಲ್ಲ. ಮೇಸ್ತ್ರಿ ಗಾಳಿ ಕುಡಿಯೋ ನೆಪದಲ್ಲಿ ಸಂಜೆ ಸಂಜೆ ಸೇತುವೆಯ ತನಕ ಹೋಗಿ ಕಂಬಿ ಹಿಡಿದು ನಿಂತು ಬರುತ್ತಿದ್ದ. ಆಚೆ ತುದಿಯಲ್ಲಿ ಯಾರಾದರೂ ಕನ್ನಡಕದವರು ಕಂಡರೆ ಕತ್ತು ಚಾಚಿ ನೋಡುತ್ತಿದ್ದ. ಸೇತುವೆ ಏನು ಅಂಥ ಉದ್ದವೂ ಅಲ್ಲ. ಹೆಜ್ಜೆ ಮುಂದಿಡಬೇಕು, ಅಷ್ಟೇ. ಆದರೆ ಮೊದಲು ಹೋದವನು ಸೋತ ಹಾಗೆ ಅಂತ ಅವನ ತಲೆಗೆ ಹೊಕ್ಕಿತ್ತು, ಅದನ್ನು ಇಕ್ಕಳ ಹಾಕಿ ಎಳೆದರೂ ಕೀಳೋಕಾಗುತ್ತಿರಲಿಲ್ಲ. ಅತ್ತ ಏಜೆಂಟಮ್ಮ ಬಂದು ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಫೋಟೊ ತೆಗೆಸಿದಳು. ಫೋಟೊದಲ್ಲಿ ಅವಳು ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದಳು.

ಸಂತೆಯ ಹಿಂದಿನ ಸಂಜೆ ಅವಳು ಅವನ ಮುಂದೆ ಬಂದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ಒಂದು ಮಾತು ಕೇಳ್ತೀನಿ. ನಿಮಗೆ ನಿಮ್ಮ ಜಂಭ ದೊಡ್ಡದೋ, ನಾನು ದೊಡ್ಡವಳೋ?"

"ಅದೆಂಥ ಮಾತು ಆಡ್ತೀಯ..."

"ಅರ್ಧ ಬೇಡ, ಕಾಲು ಪಾಲು ಕೊಟ್ರೂ ಸಾಕು. ಆ ಅಕ್ಕನ ಕಾಲಿಗೆ ಬಿದ್ದಾದ್ರೂ ಒಪ್ಪಿಸಿ. ನನ್ನ ಮಗು ನನ್ನನ್ನ ಅಮ್ಮಾ ಅಂತ ಇನ್ನೂ ಕರೆದಿಲ್ಲ ರೀ. ನಾನು ವಾಪಸ್ ಬರೋ ಹೊತ್ತಿಗೆ ಅವಳು ನನ್ನನ್ನ ನೋಡಿ ನಿಮ್ಮ ಹಿಂದೆ ಬಚ್ಚಿಟ್ಕೊಳ್ತಾಳೆ. ಯಾರಪ್ಪಾ ಇವರು ಅಂತ ಕೇಳ್ತಾಳೆ. ಅದನ್ನ ನಾನು ತಡ್ಕೊಳ್ಳಲಾ?"

ಜಂಭ ಅನ್ನೋದು ಮೇಸ್ತ್ರಿಯ ಮೈಯಿಂದ ಹೇಗೆ ಇಳಿದುಹೋಯಿತೋ, ಅವನಿಗೇ ಗೊತ್ತಾಗಲಿಲ್ಲ. ಅವಳ ಮುಂದೆ ನೆಲದ ಮೇಲೆ ಕೂತು, "ಬೆಳಿಗ್ಗೆ ಹೋಗ್ತೀನಿ ಕಣೇ. ಏನು ಕೇಳಿದ್ರೂ ಒಪ್ಕೊಂಡು ಬರ್ತೀನಿ" ಅಂದ.

ಬೆಳಕು ಹರಿಯುತ್ತಲೇ ಕೈಗಾಡಿ ತುಂಬಿದ. ಹೆಂಡತಿ, ಮುದುಕಿ, ರೇಡಿಯೊ ಎಲ್ಲರೂ ಕೈ ಹಾಕಿದರು. ಮಂಚದ ಕೆಳಗಿನದು, ಡ್ರಮ್ಮಿನ ಹಿಂದಿನದು ಎಲ್ಲ ಹೊರಗೆ ಬಂತು. ಎರಡು ಪಾಲಿನ ಮಾತನ್ನು ಯಾರೂ ಎತ್ತಲಿಲ್ಲ. ಹೆಂಡತಿ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಕೊಟ್ಟಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. "ಕಾಲಿಗೆ ಬೀಳೋವಾಗ ನೋಡ್ಕೊಂಡು ಬೀಳು ಮೇಸ್ತ್ರಿ, ಬಲಗಾಲಿಗೇ ಬೀಳಬೇಕು" ಅಂದ ರೇಡಿಯೊ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಮೇಸ್ತ್ರಿ ಗಾಡಿಯನ್ನು ಹೂವಿನ ಹಾಗೆ ತಳ್ಳಿಕೊಂಡು ಹೋದ.

ಸೇತುವೆ ದಾಟುತ್ತಿದ್ದ ಹಾಗೆ ವಾಸನೆ ಬಂತು. ಚರ್ಮ ಸುಟ್ಟ ವಾಸನೆ, ರಬ್ಬರು ಕರಗಿದ ವಾಸನೆ, ಅಂಟಿನ ವಾಸನೆ. ಜೀವನಪೂರ್ತಿ ಮೂಸಿದ ಮೂಗಿಗೆ ಅದು ಏನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಭಟ್ಟಿಯ ಚಿಮಣಿಯಿಂದ ಎಣ್ಣೆಯಂಥ ಕರಿ ಹೊಗೆ ಏಳುತ್ತಿತ್ತು. ಅವನು ಗಾಡಿಯನ್ನು ತಳ್ಳಿಕೊಂಡು ಓಡಿದ. ಓಡೋ ರಭಸಕ್ಕೆ ನಾಲ್ಕೈದು ಬೂಟು ರಸ್ತೆಗೆ ಬಿದ್ದವು, ತಿರುಗಿಯೂ ನೋಡಲಿಲ್ಲ.

ಬಲಗಾಲಿನ ಶೆಡ್ಡಿನ ಮುಂದೆ ಕನ್ನಡಕದಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಹಿಂದೆ ಬಾಗಿಲು ತೆರೆದೇ ಇತ್ತು, ಒಳಗೆ ಗುಡಿಸಿದ ನೆಲ ಬಿಟ್ಟರೆ ಏನೂ ಇರಲಿಲ್ಲ.

"ಅಕ್ಕಾ" ಅಂದ.

ಅವಳು ಗಾಡಿಯನ್ನು ನೋಡಿದಳು, ಅವನನ್ನು ನೋಡಿದಳು. "ನೀನು ಬರ್ತೀಯ ಅಂತ ಕಾದೆ ತಮ್ಮಾ. ನಾಳೆ ಬರ್ತಾರೆ, ನಾಳೆ ಬರ್ತಾರೆ ಅಂತ ಎಲ್ಲರಿಗೂ ಹೇಳಿದೆ. ನಾನಂತೂ ಎಷ್ಟು ದಿನ ಬೇಕಾದ್ರೂ ಕಾಯ್ತಿದ್ದೆ. ಅವರ ಮಕ್ಕಳ ಹೊಟ್ಟೆ ಕಾಯಬೇಕಲ್ಲ. ನಿನ್ನೆ ಭಟ್ಟಿಗೆ ಒಯ್ದರು."

"ಎಲ್ಲಾನೂ?"

"ಎಲ್ಲಾನೂ. ನಂದನ್ನೂ ಕೊಟ್ಟೆ. ಒಬ್ಬಳೇ ಇಟ್ಕೊಂಡು ಏನು ಮಾಡಲಿ?" ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಆ ದಿನ ನಿನ್ನ ಮನೇಲಿ ಆ ಜೊತೆ ನೋಡಿದ್ನಲ್ಲ, ಅಷ್ಟೇ ನೋಡು ನಾನು ನೋಡಿದ್ದು."

ಬೈದಿದ್ದರೆ ಚೆನ್ನಾಗಿತ್ತು. ಕಪಾಳಕ್ಕೆ ಬಾರಿಸಿದ್ದರೂ ಚೆನ್ನಾಗಿತ್ತು. ಅವಳು ಒಂದು ಕೆಟ್ಟ ಮಾತಾಡಲಿಲ್ಲ. ಮೇಸ್ತ್ರಿ ಗಾಡಿಯ ಹಿಡಿ ಬಿಟ್ಟು ರಸ್ತೆಯ ಮಧ್ಯೆಯೇ ಕುಕ್ಕರಿಸಿದ. ಒಂದು ಹೆಜ್ಜೆ, ಒಂದೇ ಒಂದು ಹೆಜ್ಜೆ ಮುಂದಿಟ್ಟಿದ್ದರೆ ಆಗುತ್ತಿತ್ತು. ನಾಲ್ಕು ಜನರ ಮುಂದೆ ಮೀಸೆ ತಿರುವೋಕೆ ಹೋಗಿ ಹೆಂಡತಿಯನ್ನೇ ಪಣಕ್ಕಿಟ್ಟುಬಿಟ್ಟೆನಲ್ಲ ಅಂತ ಹಣೆ ಚಚ್ಚಿಕೊಂಡ.

ಭಟ್ಟಿಯವನು ಆ ಹೊತ್ತಿಗೆ ಗಾಡಿ ಕಂಡು ತಾನಾಗಿಯೇ ಬಂದ. ಒಂದು ಬೂಟು ಎತ್ತಿ ಅಟ್ಟೆ ಬಗ್ಗಿಸಿ ನೋಡಿದ. "ಇದನ್ನೂ ಹಾಕ್ತೀಯಾ?" ಅಂದ.

"ಇವು ಎಡಗಾಲಿನವು" ಅಂದ ಮೇಸ್ತ್ರಿ. ಯಾಕೆ ಹಾಗಂದನೋ, ಬಾಯಿಗೆ ಬಂದದ್ದು ಅದೇ.

"ಬೆಂಕಿಗೆ ಎಡ ಏನು, ಬಲ ಏನು? ತೂಕಕ್ಕೆ ಹಾಕು" ಅಂದ ಭಟ್ಟಿಯವನು.

ತೂಕಕ್ಕೆ ಹಾಕಿದ. ಬಂದದ್ದನ್ನು ಶೆಡ್ಡಿನವರಿಗೆಲ್ಲ ಹಂಚಿದ ಮೇಲೆ ಅವನ ಕೈಯಲ್ಲಿ ಉಳಿದದ್ದರಲ್ಲಿ ಮೂಲೆ ಅಂಗಡಿಗೆ ಹೋಗಿ ಹಾಲಿನ ಪುಡಿಯ ಡಬ್ಬಿ ಕೇಳಿದ. ಹೊರದೇಶದ ಮಾಲು, ಅದಕ್ಕೀಗ ಚಿನ್ನದ ಬೆಲೆ. ಅಂಗಡಿಯವನು ಬೀಗ ತೆಗೆದು ಒಳಗಿನ ಕಪಾಟಿನಿಂದ ತಂದುಕೊಟ್ಟ. ಮಗುವಿಗೆ ಹಾಲು ಕುಡಿಸುವ ಒಂದು ಬಾಟಲಿಯನ್ನೂ ತಗೊಂಡ. ಅಷ್ಟಕ್ಕೆ ಜೇಬು ಬರಿದಾಯಿತು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ದೂರದಿಂದ ಖಾಲಿ ಗಾಡಿ ಕಂಡು ಅವಳ ಮುಖ ಅರಳಿತು. ಎಲ್ಲ ಜೋಡಿಯಾಗಿ ಮಾರಿಹೋಯಿತು ಅಂತಲೇ ತಿಳಿದಳು. "ಆಯ್ತಾ ರೀ?" ಅಂತ ಓಡಿ ಬಂದಳು. ಅವನು ಚೀಲ ಕೊಟ್ಟ. ಅವಳು ಕೈ ಹಾಕಿ ಡಬ್ಬಿ ತೆಗೆದಳು, ಅದರ ಮೇಲಿನ ದುಂಡು ಮುಖದ ಮಗುವಿನ ಚಿತ್ರ ನೋಡಿದಳು. ಬಾಟಲಿ ತೆಗೆದಳು. ಒಳಗೆ ಹೋಗಿ ಬಾಟಲಿಯನ್ನು ಬಿಸಿನೀರಿಗೆ ಹಾಕಿದಳು.

ಪುಟ್ಟಿ ಆ ಬಾಟಲಿಯನ್ನು ಮುಟ್ಟಲಿಲ್ಲ. ಮುಖ ತಿರುಗಿಸಿದಳು, ಉಗುಳಿದಳು, ಮೈ ಬಿಲ್ಲು ಮಾಡಿ ಕಿರುಚಿದಳು. ಮಾರನೇ ಬೆಳಿಗ್ಗೆಯೂ ಅದೇ ಪಾಡು. ತಾಯಿಯ ಕಡೆಗೇ ಕೈ ಚಾಚುತ್ತಿದ್ದಳು. ಅವಳು ಹತ್ತಿರ ಬಂದರೆ ಎದೆಗೇ ಬಾಯಿ ಹಾಕುತ್ತಿದ್ದಳು. ಹೆಂಡತಿ ಎರಡು ಸಲ ಕೊಟ್ಟೂಬಿಟ್ಟಳು, ಕೊಟ್ಟು ಅತ್ತಳು.

"ನಿನ್ನ ವಾಸನೆ ಇರೋ ತನಕ ಅದು ಬಾಟಲಿ ಹಿಡಿಯಲ್ಲ ಕಣಮ್ಮಾ" ಅಂದಳು ಮುದುಕಿ. ಸೊಸೆಯ ತಲೆ ಸವರಿದಳು. "ನೀನು ಹೊರಟುಬಿಡು. ಬಸ್ಸಿಗೆ ಹೊತ್ತಿದ್ರೂ ಪರವಾಗಿಲ್ಲ, ಮನೇಲಿ ಇರಬೇಡ. ನೀನಿಲ್ಲ ಅಂದ್ರೆ ಹಸಿದು ಕುಡೀತಾಳೆ."

ಹೀಗೆ, ಮಗು ಬದುಕಬೇಕಾದರೆ ತಾಯಿ ಇನ್ನೂ ಬೇಗ ಹೋಗಬೇಕಾಯಿತು. ಇದಕ್ಕೆ ದೇವರನ್ನು ಬೈಯಬೇಕೋ ಸಮುದ್ರದಾಚೆಯ ಆ ಕೋಟಿನವರನ್ನು ಬೈಯಬೇಕೋ. ಅವಳು ಚೀಲ ತಗೊಂಡು, ಬಸ್ಸಿಗೆ ಇನ್ನೂ ಅರ್ಧ ದಿನ ಇರುವಾಗಲೇ ಎದ್ದಳು. ಮಗುವನ್ನು ಮುಟ್ಟಲಿಲ್ಲ, ಮುಟ್ಟಿದರೆ ಆಗದು ಅಂತ ಗೊತ್ತಿತ್ತು. ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು: "ಕುಡಿದ್ಳು ಅಂದ್ರೆ ಬಂದು ಹೇಳಿ. ಕುಡಿಯಲೇ ಇಲ್ಲ ಅಂದ್ರೂ ಬಂದು ಹೇಳಿ. ಕುಡಿಯದೇ ಇದ್ರೆ ನಾನು ಬಸ್ಸು ಹತ್ತಲ್ಲ. ಏನಾದ್ರೂ ಆಗ್ಲಿ, ಹತ್ತಲ್ಲ."

ಮೇಸ್ತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ಖಾಲಿಯಾದ ಮನೆಯಲ್ಲಿ ಪುಟ್ಟಿಯ ಅಳು ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ಬಾಗಿಲ ಕಡೆ ನೋಡಿದಳು, ಅತ್ತಳು. ಅತ್ತು ಅತ್ತು ಗಂಟಲು ಬಿದ್ದುಹೋಯಿತು. ಮುದುಕಿ ಇನ್ನೊಂದು ಸಲ ಹಾಲು ಬೆಚ್ಚಗೆ ಮಾಡಿ ತಂದಳು. ಅವನು ಬಾಟಲಿಯನ್ನು ತುಟಿಗೆ ತಾಗಿಸಿದ. ಕುಡೀಬೇಡ ಪುಟ್ಟಿ ಅಂತ ಅವನ ಮನಸ್ಸು ಬೇಡಿಕೊಂಡಿತು. ಅದೇ ಮನಸ್ಸು ಕುಡಿ ತಾಯಿ ಅಂತಲೂ ಬೇಡಿಕೊಂಡಿತು. ಮಗು ಒಂದು ಸಲ ಚೀಪಿತು, ನಿಲ್ಲಿಸಿತು. ಮತ್ತೆ ಚೀಪಿತು. ಆಮೇಲೆ ಎರಡೂ ಕೈಯಲ್ಲಿ ಬಾಟಲಿಯನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ, ಗಟಗಟ ಕುಡಿಯಿತು, ಕುಡಿದು ಹಾಗೇ ನಿದ್ದೆ ಹೋಯಿತು.

ಅವನು ಬಸ್ ಸ್ಟ್ಯಾಂಡಿಗೆ ಓಡಿದ. ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು: ಇಲ್ಲ ಅಂದುಬಿಡಲಾ? ಕುಡಿಯಲಿಲ್ಲ ಅಂದರೆ ಅವಳು ಇಳಿದು ಬರುತ್ತಾಳೆ. ಇಂದು ಬರುತ್ತಾಳೆ. ಆದರೆ ನಾಳೆ? ಆ ಡಬ್ಬಿ ಮುಗಿದ ಮೇಲೆ?

ಬಸ್ಸಿನ ಎಂಜಿನ್ ಚಾಲೂ ಆಗಿತ್ತು. ಅವಳು ಕಿಟಕಿಯ ಪಕ್ಕ ಕೂತು, ಅವನು ಬರುವ ದಾರಿಯನ್ನೇ ನೋಡುತ್ತಿದ್ದಳು. ಒಳಗೆ ಅವಳಂಥವರೇ ಹೆಂಗಸರು, ಸೀಟಿಗೆ ಸೀಟು. ಅವನು ಕಿಟಕಿಯ ಸರಳು ಹಿಡಿದು ನಿಂತ.

"ಕುಡಿದ್ಳಾ?" ಅಂದಳು.

ಅವನು ಅವಳ ಮುಖ ನೋಡಿದ. ಅವಳು ಯಾವ ಉತ್ತರಕ್ಕೆ ಕಾಯುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಗಲಿಲ್ಲ. ಪ್ರಾಯಶಃ ಅವಳಿಗೂ ಗೊತ್ತಿರಲಿಲ್ಲ.

"ಕುಡಿದ್ಳು."

"ಪೂರ್ತಿನಾ?"

"ಪೂರ್ತಿ."

ಅವಳು ತಲೆಯಾಡಿಸಿದಳು. ಅವಳ ಬಟ್ಟೆ ಎದೆಯ ಹತ್ತಿರ ಒದ್ದೆಯಾಗಿತ್ತು. ಪಕ್ಕದವಳು ನೋಡಿದ್ದು ಕಂಡು ಚೀಲವನ್ನು ಅಡ್ಡ ಹಿಡಿದುಕೊಂಡಳು.

"ಹಾಗಾದ್ರೆ ನೀವು ಹೋಗಿ ರೀ, ಪುಟ್ಟಿ ಎದ್ದುಬಿಡ್ತಾಳೆ" ಅಂದಳು.